ಮೊರ, ಮೋರೆ

ದುರ್ಗಿಗುಡಿಯ ಸ್ಟುಡಿಯೋ ಹುಡುಗ ಕೇಳಿದ:
“ಹಾರ ಹಾಕ್ಬೇಕಾ ಮೇಡಂ, ಬರೀ ಬಾರ್ಡರ್ ಸಾಕಾ?
ಮರಣದ ದಿನಾಂಕ ಹೇಳಿ, ಕೆಳಗೆ ಹೊಡೀತೀನಿ.”
ಅವನ ತಪ್ಪಲ್ಲ. ವಯಸ್ಸಾದ ಒಂಟಿ ಹೆಂಗಸಿನ ಫೋಟೋ
ಹತ್ತು ಹನ್ನೆರಡರ ಅಳತೆಗೆ ದೊಡ್ಡದು ಮಾಡಿಸುವುದು
ಈ ಊರಲ್ಲಿ ಇನ್ಯಾತಕ್ಕೆ.

ಅವಳು ಸತ್ತಿಲ್ಲ ಅಂದೆ. ಸತ್ತಿರಲಾರಳು ಅಂದೆ.
ನನಗೆ ಗೊತ್ತಿಲ್ಲ ಅನ್ನುವುದು ಬಾಯಿಗೆ ಬರಲಿಲ್ಲ.

ಹನೋಯ್. ಟಾರ್ಗೆಟ್ ಮುಟ್ಟಿದ ವಿಮೆ ಏಜೆಂಟರಿಗೆ ಐದು ದಿನದ ಬಹುಮಾನ.
ನಮ್ಮ ಕಡೆಯಿಂದ ನಾನು, ಭದ್ರಾವತಿಯ ತಿಪ್ಪೇಶಪ್ಪ,
ತಿಪ್ಪೇಶಪ್ಪನ ಚಟ್ನಿಪುಡಿ.
ಬೆಳಿಗ್ಗೆ ಏಳಕ್ಕೆ ಹೋಟೆಲಿನಿಂದ ಹೊರಗೆ ಕಾಲಿಟ್ಟರೆ
ಎದುರಿಗೊಂದು ಸೈಕಲ್ಲು. ಸೈಕಲ್ಲು ಕಾಣುತ್ತಿರಲಿಲ್ಲ;
ಬುಟ್ಟಿ, ಜರಡಿ, ಮೀನಿನ ಕೂಣಿ, ಮೊರದಂಥ ದುಂಡು ತಟ್ಟೆ,
ಬಿದಿರಿನ ಗುಡ್ಡ ತಾನೇ ನಡೆದು ಬರುವ ಹಾಗೆ.
ಗುಡ್ಡದ ಹಿಂದೆ ಎರಡು ಕಾಲು, ನೀಲಿ ಪ್ಲಾಸ್ಟಿಕ್ ಚಪ್ಪಲಿ.

ಹತ್ತಿರ ಹೋಗಿ ಮೊದಲು ನೋಡಿದ್ದು ಮುಖವನ್ನಲ್ಲ, ಹೆಣಿಗೆಯನ್ನು.
ಎರಡು ದಬ್ಬೆ ಮೇಲೆ, ಒಂದು ಕೆಳಗೆ. ನಮ್ಮ ಮೇದಾರ ಕೇರಿಯದಲ್ಲ.
ಅಂಚು ಕಟ್ಟಿದ್ದು ಮಾತ್ರ ನಮ್ಮದೇ. ಬೆರಳಿಟ್ಟರೆ
ಸಿಬರು ಚುಚ್ಚುವ ಜಾಗವೂ ಅದೇ.

ಆಮೇಲೆ ಫೋನು ಎತ್ತಿದೆ.
ಅವಳು ಕೈ ಅಡ್ಡ ಹಿಡಿದಳು. ಹಿಡಿಯುವಷ್ಟರಲ್ಲಿ ಮೂರು ಆಗಿತ್ತು.
ಎರಡರಲ್ಲಿ ಅಂಗೈ. ಒಂದರಲ್ಲಿ ಅವಳು.
ಏನೋ ಅಂದಳು; ಬೈಗುಳಕ್ಕೆ ದುಭಾಷಿ ಬೇಕಿಲ್ಲ.
ಬುಟ್ಟಿಯೊಂದನ್ನು ಚಾಚಿದಳು. ನಾನು ನಕ್ಕು, ತಲೆಯಾಡಿಸಿ,
ಲಗೇಜು ಇಪ್ಪತ್ತೇ ಕಿಲೋ ಅಂತ ಕನ್ನಡದಲ್ಲಿ ಹೇಳಿದೆ,
ಬಿದಿರಬುಟ್ಟಿ ಎಷ್ಟು ತೂಗುತ್ತದೆಂದು
ಗೊತ್ತೇ ಇಲ್ಲದವಳ ಹಾಗೆ.

ಎಂಬತ್ತೆರಡೋ ಎಂಬತ್ತಮೂರೋ. ಗಾಂಧಿ ಬಜಾರಿನ ಬಾಯಲ್ಲಿ
ಅಮ್ಮ ಮೊರ ಹರವಿ ಕೂತಿದ್ದಾಳೆ. ಮಗ್ಗುಲಲ್ಲಿ ಗೊಣ್ಣೆ ಸುರಿಸಿಕೊಂಡು ನಾನು.
ಜೋಗಕ್ಕೆ ಹೊರಟವನೋ, ಬಸ್ಸು ತಪ್ಪಿಸಿಕೊಂಡವನೋ,
ಕೆಂಪು ಗಡ್ಡದ ದೊರೆ ಒಬ್ಬ ಮಂಡಿಯೂರಿ,
ಕ್ಯಾಮೆರಾ ಕಣ್ಣಿಗಿಟ್ಟು, ಚಟ್ ಚಟ್ ಅನ್ನಿಸಿ,
ನನ್ನ ಕೈಗೊಂದು ಪೆಪ್ಪರಮೆಂಟು ಇಟ್ಟು ಹೋದ.
ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು, ನಗುತ್ತ,
ಒಂದೊಂದು ಸಲ ನಗದೆಯೂ:
“ಒಂದ್ ಮೊರ ತಗಳ್ಳಿಲ್ಲ ಮುಂಡೇದು,
ಮೋರೆ ತಗಂಡ್ ಹೋತು.”

ನಮ್ಮ ಮನೆಯಲ್ಲಿ ಅಮ್ಮನ ಫೋಟೋ ಇಲ್ಲ.
ಇರುವುದೊಂದು ರೇಷನ್ ಕಾರ್ಡಿನದು, ಅದರಲ್ಲಿ
ಸೀಲು ಬಿದ್ದು ಬಾಯಿ ಇಲ್ಲ.
ಮೂವತ್ತರ ಅಮ್ಮ, ಎಣ್ಣೆ ಕಾಣದ ಕೂದಲು, ಕಿವಿಯ ಬೆಂಡೋಲೆ,
ಯಾವ ದೇಶದ ಯಾವ ಅಟ್ಟದ ಯಾವ ಪೆಟ್ಟಿಗೆಯಲ್ಲೋ
ಇನ್ನೂ ಬೋಣಿಗೆಗೆ ಕಾಯುತ್ತಿದ್ದಾಳೆ.
ಅಥವಾ ಅವನೂ ಸತ್ತು, ಮೊಮ್ಮಕ್ಕಳು ರದ್ದಿಗೆ ಹಾಕಿ...

ಪಾಲಿಸಿ ಮಾರುವವಳು ನಾನು. ನಾಮಿನಿ ಇಲ್ಲದ ಹಣ
ಏನಾಗುತ್ತದೆಂದು ಗಿರಾಕಿಗಳಿಗೆ ಬಾಯಿಪಾಠ ಒಪ್ಪಿಸುತ್ತೇನೆ.
ನಾಮಿನಿ ಇಲ್ಲದ ಮುಖದ ಬಗ್ಗೆ
ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ.

ಹುಡುಗ ಮೌಸು ಆಡಿಸುತ್ತ:
“ಸಿಟ್ಟಲ್ಲಿ ಇದಾರಲ್ಲ ಮೇಡಂ, ಹುಬ್ಬು ಸಡ್ಲ ಮಾಡ್ಲಾ?
ಈಗ ನಗು ಕೂಡ ಬರ್ಸಬೋದು.”
ಪರದೆಯ ಮೇಲೆ ತುಟಿಯ ತುದಿ ಒಂದು ಗಳಿಗೆ ಎದ್ದೇ ಬಿಟ್ಟಿತು.
ಬೇಡ ಅಂದೆ, ಪಾಸ್‌ಪೋರ್ಟ್ ಫೋಟೋಕ್ಕೆ ತಲೆ ಬಾಚುತ್ತಿದ್ದವರು
ತಿರುಗಿ ನೋಡುವಷ್ಟು ಜೋರಾಗಿ.
ಹಿಂದಕ್ಕೆ ತಗೊ. ಹೆಂಗಿದ್ದಳೋ ಹಂಗೆ.

“ಹೋಗ್ಲಿ, ಹೆಸರು?”
ಜಾಗ ಬಿಟ್ಟಿರು ಅಂದೆ.

ಇನ್ನೂರ ನಲವತ್ತು ಅಂದ.
ಚೌಕಾಸಿ ಮಾಡದೆ ಕೊಟ್ಟೆ.