ನಾಲ್ಕು ಕಿಲೊ ಕಲ್ಲು

ನನಗೆ ಈಜು ಬರುವುದಿಲ್ಲ, ಕೇಳಿದವರಿಗೆ ಹೇಳುತ್ತೇನೆ.
ನನ್ನ ಕೆಲಸ ನೀರಿನದಲ್ಲ, ನೀರಿನ ಪಕ್ಕದ್ದು:
ಹೆಬ್ರಿಯಿಂದಾಚೆ ಸೀತಾಹೊಳೆಯ ಮೇಲ್ದಡದಲ್ಲಿ ಇವರನ್ನಿಳಿಸಿ
ಖಾಲಿ ಟೆಂಪೊ ತಿರುಗಿಸಿಕೊಂಡು
ಕೆಳದಡದಲ್ಲಿ ಕಾಯುವುದು.
ಪೂರ್ತಿ ಖಾಲಿಯಲ್ಲ.
ಮಲ್ಪೆಯ ವಾಸನೆ ಬಿಡದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ
ಹನ್ನೊಂದು ಮೊಬೈಲು, ಏಳು ಕನ್ನಡಕ,
ಸೋಪು ಹಚ್ಚಿ ಬಿಡಿಸಿದ ಒಂದು ಉಂಗುರ.

ಗೇರು ಬದಲಿಸುವಾಗ ಒಳಗೆ
ಯಾರದೋ ಅಮ್ಮ ರಿಂಗಾಗುತ್ತಾಳೆ,
ಯಾರದೋ ಬ್ಯಾಂಕು,
'ಎತ್ತಬೇಡ' ಅಂತಲೇ ಹೆಸರಿಟ್ಟ ಒಬ್ಬರು ಮೂರು ಸಲ.
ಎತ್ತುವುದಿಲ್ಲ. ಎತ್ತಿ ಏನನ್ನಲಿ,
ನಿಮ್ಮವರು ನೀರಿನಲ್ಲಿದ್ದಾರೆ ಅನ್ನಲೇ?

ಗೈಡ್ ಲೋಕೇಂದ್ರ ನೇಪಾಳದವನು.
ಹೊಳೆ ಏರಿದಾಗ ಬರುತ್ತಾನೆ, ಇಳಿದಾಗ ಹೋಗುತ್ತಾನೆ.
ಕನ್ನಡ ಅಷ್ಟಕ್ಕಷ್ಟೆ, ತುಳುವಿನಲ್ಲಿ ಎರಡೇ ಶಬ್ದ:
ದುಂಬು, ಪಿರ.
ಮುಂದೆ, ಹಿಂದೆ. ರಾಫ್ಟಿಗೆ ಅಷ್ಟು ಸಾಕು ಅನ್ನುತ್ತಾನೆ.
ಸಂಸಾರಕ್ಕೆ ಸಾಲದು ಮಾರಾಯ, ಅಂದರೆ ನಗುತ್ತಾನೆ.

ಅವತ್ತಿನ ಗುಂಪು ಗದಗಿನದು. ಅದರಲ್ಲೊಬ್ಬರು
ಕಸ್ತೂರಿಬಾಯಿ ಕರಮುಡಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು.
ಹೆಲ್ಮೆಟ್ ಪಟ್ಟಿ ಬಿಗಿಯುವ ಮೊದಲು
ಎರಡೂ ಕಿವಿಯ ಯಂತ್ರ ತೆಗೆದು ನನ್ನ ಅಂಗೈಗಿಟ್ಟರು,
ಹುರಿದ ಎರಡು ಗೇರುಬೀಜದ ಹಾಗೆ.
"ಮೂವತ್ತು ವರ್ಷ ಮಂದಿ ಮಾತು ಜೋಡಿಸಿ ಕೊಟ್ಟೇನ್ರಿ,
ಒಂದು ತಾಸು ಕೇಳದಿದ್ರ ಏನಾಗ್ತದ?"
ಲೋಕೇಂದ್ರ ಅವರ ಭುಜ ಮುಟ್ಟಿ ತೋರಿಸಿದ:
ಒಂದು ತಟ್ಟಿದರೆ ದುಂಬು, ಎರಡು ತಟ್ಟಿದರೆ ಪಿರ.

ರಾಫ್ಟು ತಿರುವಿನಲ್ಲಿ ಮರೆಯಾಯಿತು.
ನನ್ನ ಮುಷ್ಟಿಯೊಳಗೆ ಅವು ಕುಯ್ಯೆಂದವು.
ಮುಚ್ಚಿದರೆ ಕೂಗುತ್ತವೆ, ಬಿಚ್ಚಿದರೆ ಸುಮ್ಮನೆ.
ಪೆಟ್ಟಿಗೆಗೆ ಹಾಕಲು ಮನಸ್ಸಾಗದೆ ಅಂಗಿಯ ಜೇಬಿಗಿಟ್ಟೆ,
ದಾರಿಯುದ್ದ ಎದೆಯ ಮೇಲೊಂದು ಜೀರುಂಡೆ.

ಕೆಳದಡದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು,
ಬಿದ್ದವರು, ಬೀಳದವರು.
ಇವರು ತೊಟ್ಟಿಕ್ಕುತ್ತ ಹೊಳೆಗೇ ಮುಖಮಾಡಿ ನಿಂತಿದ್ದರು.
ಕೈ ಚಾಚಿದೆ. ಈಗ ಬೇಡವೆಂದು
ನನ್ನ ಬೆರಳುಗಳನ್ನೇ ಮಡಚಿದರು.
ಮತ್ತೆ ಕುಯ್ಯೆಂದವು.

ಜಿಪ್‌ಲೈನಿನ ಹತ್ತಿರ ತೂಕದ ಕಾಟ.
ಫಾರಂನಲ್ಲಿ ಎಲ್ಲರೂ ಐದಾರು ಕಿಲೊ ಇಳಿಸಿಯೇ ಬರೆಯುತ್ತಾರೆ,
'ಅಪಾಯಕ್ಕೆ ನಾನೇ ಹೊಣೆ' ಎಂಬುದರ ಮೇಲಿನ ಸಾಲಿನಲ್ಲಿ.
ಮೆಷಿನ್ನಿನ ದಯಾನಂದ ಯಾರಿಗೂ ಹೇಳುವುದಿಲ್ಲ.
ಇವರದು ಉಲ್ಟಾ. ನಲವತ್ತೊಂದು.
ನಲವತ್ತೈದಿಲ್ಲದಿದ್ದರೆ ನಡುಹೊಳೆಯ ಮೇಲೆ ನಿಂತುಬಿಡ್ತೀರಿ,
ಹಗ್ಗ ಹಾಕಿ ಎಳೆಯಬೇಕು, ಆಗುವುದಿಲ್ಲಮ್ಮ,
ದಯಾನಂದ ಹೇಳುತ್ತಲೇ ಇದ್ದ. ಕೇಳಬೇಕಲ್ಲ.
ಮುಳ್ಳು ನೋಡಿದರು, ಬೋರ್ಡು ಓದಿದರು,
ಹೊಳೆಗಿಳಿದು ವೇಲು ಹರಡಿ
ಕಲ್ಲು ಆರಿಸತೊಡಗಿದರು.
ಸಂತೆಯಲ್ಲಿ ಬದನೆ ಆರಿಸುವ ಹಾಗೆ ಒಂದೊಂದನ್ನೂ ತೂಗಿ,
ಕೆಲವನ್ನು ಬೇಡವೆಂದು ವಾಪಸು ಬಿಟ್ಟು.

ರೂಲಿನಲ್ಲಿ ಹೀಗೆ ಮಾಡಿ ಎಂದಿರಲಿಲ್ಲ,
ಮಾಡಬೇಡಿ ಎಂದೂ ಇರಲಿಲ್ಲ.
ದಯಾನಂದ ನನ್ನನ್ನು ನೋಡಿದ, ನಾನು ಹೊಳೆಯನ್ನು.
ಕೊನೆಗೆ ಅವನೇ ಬೆನ್ನಚೀಲಕ್ಕೆ ತುಂಬಿ ಮೂರು ಕಡೆ ಬಿಗಿದ.

ತಂತಿ ಝುಯ್ಯೆಂದಿತು.
ನಡುಹೊಳೆಯ ಮೇಲೆ ಅವರು ಕೂಗಿದರು.
ಹೆದರಿಕೆಯಲ್ಲ, ಖುಷಿ ಅಂತಲೂ ಹೇಳಲಾರೆ;
ಟ್ರಂಕ್ ಕಾಲಿಗೆ ಅಂತೂ ಲೈನು ಸಿಕ್ಕಾಗ
ಊರಿಗೆಲ್ಲ ಕೇಳುವ ಹಾಗೆ ಹಲೋ ಅನ್ನುತ್ತಿದ್ದೆವಲ್ಲ,
ಹಾಗೆ.
ಬಂಡೆಯ ನೀರುಕಾಗೆಗಳು ಎದ್ದುಹೋದವು.

ತೂಗುಸೇತುವೆಯಲ್ಲಿ ನಡೆದು ಈಚೆ ಬಂದವರು
ನನ್ನ ಮುಖ ನೋಡಿ ಕೇಳಿದರು:
"ನಾ ಒದರಿದ್ನೇನ್ರೀ?"
ತಲೆಯಾಡಿಸಿದೆ.
"ಭಾಳ?"
ಎರಡೂ ಕೈ ಅಗಲಿಸಿ ತೋರಿಸಿದೆ.

ಹಿರಿಯಡ್ಕ ದಾಟಿದೆ. ಎಲ್ಲರ ಕೈಯಲ್ಲೂ ಮೊಬೈಲು,
'ಎತ್ತಬೇಡ'ವನ್ನು ಯಾರೋ ಎತ್ತಿ ಸಾರಿ ಸಾರಿ ಅನ್ನುತ್ತಿದ್ದಾರೆ.
ಕಲ್ಲುಗಳನ್ನು ಅವರು ಹೊಳೆಗೆ ಹಾಕಲಿಲ್ಲ,
ಸೀಟಿನಡಿಗೆ ಸುರಿದಿದ್ದಾರೆ.
ಬ್ರೇಕು ಒತ್ತಿದರೆ ದುಂಬು ಬಂದು ಡಬ್ಬೆನ್ನುತ್ತವೆ,
ಏರಿನಲ್ಲಿ ಪಿರ.
ಕನ್ನಡಿಯಲ್ಲಿ ನೋಡಿದೆ:
ಗಾಜಿಗೆ ತಲೆಯಿಟ್ಟು ನಿದ್ದೆಹೋಗಿದ್ದಾರೆ.
ಉಡುಪಿಯ ಲಾಡ್ಜಿಗೆ ಇನ್ನೂ ಹದಿಮೂರು ಕಿಲೊಮೀಟರು.
ಜೇಬು ಸಣ್ಣಗೆ ಕುಯ್ಯೆನ್ನುತ್ತಿದೆ.
ಇಳಿಯುವಾಗ ನೆನಪು ಮಾಡಿ ಕೊಡಬೇಕು.