ಅರ್ಧ ಆಳು

ಮಡಿಕೇರಿಯಿಂದ ಬಂದ ಲಕೋಟೆಗೆ ಅರಗಿನ ಮುದ್ರೆ.
ದೊರೆ ಒಡೆದು ಓದಿ, ಮೂಗುಜ್ಜಿ, ನನ್ನ ಮೇಜಿಗೆ ಸರಿಸಿದರು:
'ಪಾಸ್ಕಲ್, ಮೂರು ಪ್ರತಿ. ಕಾರ್ಬನ್ ಹೊಸದು ಹಾಕು.'

ನಾನು ವಿರಾಜಪೇಟೆಯವನು, ಹ್ಯಾಥರ್ಲಿ ದೊರೆಯ ತೋಟದ ರೈಟರು.
ಮೂಳೆಗೊಬ್ಬರ, ಗೋಣಿಚೀಲ, ಆಳಿನ ಮುಂಗಡ
ಎಲ್ಲ ಬಡಿದಿದ್ದೇನೆ ಈ ಟೈಪ್‌ರೈಟರಿನಲ್ಲಿ;
ಒಂದು ಕೀಲಿ ಕೂತರೆ ಏಳುವುದಿಲ್ಲ, ಉಗುರಿನಿಂದ ಎತ್ತಬೇಕು.
ಯುದ್ಧವನ್ನು ಬಡಿದದ್ದು ಅದೇ ಮೊದಲು.

ಮೊನ್ನೆಯವರೆಗೆ ಅದು ಶನಿವಾರದ ಸಂಗತಿ.
ಪಾಲಿಬೆಟ್ಟದ ಮೈದಾನದಲ್ಲಿ ಕೆಂಪು ಬಾವುಟ ಏರಿಸಿ
ಹನ್ನೊಂದು ಜನ ತೋಟದ ದೊರೆಗಳು ಬೋರಲು ಮಲಗಿ
ಹಲಗೆಗೆ ಗುಂಡು ಹೊಡೆಯುವರು.
ಎರವರ ಮಕ್ಕಳು ಸೀಸದ ಚೂರು ಹೆಕ್ಕುವರು.
ನಾಲ್ಕಕ್ಕೆ ವಿಸರ್ಜನೆ. ಐದಕ್ಕೆ ಇಡೀ ಸೈನ್ಯ ಕ್ಲಬ್ಬಿನಲ್ಲಿ.

ಈಗ ಕಲಮುಗಳು ಬಂದಿವೆ.
ಬಿಡುವಿನ ಸೈನಿಕನು ಇನ್ನು ಕರೆದಾಗ ಬರತಕ್ಕದ್ದು.
ಆರು ಗಂಟೆ ಮೀರಿದರೆ ಪೂರ್ತಿ ದಿನದ ಸಂಬಳ,
ಕಡಿಮೆಯಾದರೆ ಅರ್ಧ.
ಬೂಟು ಸರಕಾರದ್ದು, ಬೂಟಿನ ಲಾಡಿ ಅವನದ್ದು.
ಸ್ವಂತ ಕುದುರೆ ಸತ್ತರೆ ಪರಿಹಾರವುಂಟು; ಕಾರು ಕೆಟ್ಟರೆ ಇಲ್ಲ.
ಮೂವತ್ತು ಮೈಲಿಯಾಚೆ ಕಳುಹಿಸಲು
ಅವನ ಲಿಖಿತ ಒಪ್ಪಿಗೆ ಬೇಕು.

ಆ ಸಂಜೆ ದೊರೆ ಗೋಡೆಯ ನಕಾಶೆಗೆ ಕೈವಾರವಿಟ್ಟು
ತೋಟದಿಂದ ಒಂದು ಸುತ್ತು ಎಳೆದರು.
ಸೋಮವಾರಪೇಟೆ ಒಳಗೆ. ಶನಿವಾರಸಂತೆ ಹೊರಗೆ.
'ಹಣ್ಣು ಕೊಯ್ಲಿಗೆ ಮೂರು ವಾರ ರಜೆ ಸಿಗುವುದೇ, ಕೇಳಿ ಬರೆ.'
ಬರೆದೆ. ಉತ್ತರ ಒಂದೇ ಸಾಲು:
ಕಾಫಿ ಹಣ್ಣಾಗುವ ತಿಂಗಳನ್ನು ಶತ್ರುವಿಗೆ ತಿಳಿಸಲಾಗಿಲ್ಲ.

ಹೀಗೆ ಫ್ರೇಜರ್‌ಪೇಟೆ ಸೇತುವೆಗೆ ನಮ್ಮ ದೊರೆಯ ಪಹರೆ.
ಕೆಳಗೆ ಕಾವೇರಿ, ಮೇಲೆ ಬಿದಿರಿನ ಗಾಡಿ,
ಜೇನು ಹೊತ್ತ ಕುರುಬರು, ಒಂದು ರಾತ್ರಿ ಒಂಟಿ ಸಲಗ.
ಅದು ನಿಂತು ನೋಡಿತಂತೆ, ಇವರೂ ನಿಂತು ನೋಡಿದರಂತೆ.
ಗಂಟೆಗಳ ಲೆಕ್ಕ ನಾನೇ ಇಡಬೇಕು.
ಬೇರೆ ಪುಸ್ತಕ ಎಲ್ಲಿದೆ? ಚೆಕ್‌ರೋಲಿನಲ್ಲೇ ಬರೆದೆ:
ಚಾತ, ಒಂದು. ಬೊಳ್ಳಿ, ಒಂದು. ಮುತ್ತ, ಜ್ವರ.
ಹ್ಯಾಥರ್ಲಿ, ಅರೆ.
ಆಳುವವರೂ ಆ ಪುಟದಲ್ಲಿ ಆಳು; ಅದೂ ಅರ್ಧ.
ಅವರು ನೋಡಿದರು. ಅಳಿಸು ಎನ್ನಲಿಲ್ಲ.
'ಐದೂವರೆ ಗಂಟೆ ನಿಂತಿದ್ದೆ, ಸರಿಯಾಗಿದೆ' ಎಂದರು.

ಮೇಲಿನ ಸಾಲಿನಲ್ಲಿ ಒಂದು ಹೆಸರಿಗೆ ಗೆರೆ ಎಳೆದಿತ್ತು.
ಲಾರಿ ಓಡಿಸುತ್ತಿದ್ದ ಪಳಂಗಪ್ಪ. ಜೂನಿನಲ್ಲಿ ಸೇರಿದ.
ಅವನ ಕಾಗದ ನಾನು ಬಡಿಯಲಿಲ್ಲ;
ಅಚ್ಚಾಗಿಯೇ ಬಂದಿತ್ತು, ಒಂದೇ ಹಾಳೆ.
ಗಂಟೆಯ ಮಾತಿಲ್ಲ. ಮೈಲಿಯ ಮಾತಿಲ್ಲ.
ನೆಲದ ಮೇಲಾಗಲಿ ನೀರಿನ ಮೇಲಾಗಲಿ ಕಳುಹಿಸಿದಲ್ಲಿಗೆ, ಎಂದಿತ್ತು.
ಓದಿ ಹೇಳಿದ್ದೆ.
'ಸಮುದ್ರ ನೋಡಿದ ಹಾಗಾಯ್ತಲ್ಲ' ಎಂದು ನಕ್ಕ.

ನಿನ್ನೆ ಅವನ ತಂಗಿ ನೀಲವ್ವ ಬಂದಳು.
'ಬಸ್ರಾ ಅಂತ ಬರೆದಿದ್ದಾನೆ. ಇಲ್ಲಿಂದ ಎಷ್ಟು ದೂರ, ರೈಟರೇ?'
ನಕಾಶೆಯ ಮುಂದೆ ನಿಂತೆವು. ಬರೀ ಕೊಡಗಿನ ನಕಾಶೆ.
ದೊರೆಯ ಪೆನ್ಸಿಲ್ ಸುತ್ತು ಇನ್ನೂ ಮಾಸಿಲ್ಲ.
ಅಡಿಕೋಲು ಇಟ್ಟು ಪಡುವಣಕ್ಕೆ ಸರಿಸುತ್ತ ಹೋದೆ:
ಬಿಳಿ ಅಂಚು, ಮರದ ಚೌಕಟ್ಟು, ಸುಣ್ಣದ ಗೋಡೆ,
ಕಿಟಕಿ.
ಅವಳು ಕಿಟಕಿಯ ತನಕ ನೋಡಿದಳು.

ಆಗ ಕಣದಲ್ಲಿ ಐದರ ಗಂಟೆ ಹೊಡೆಯಿತು.
ಆಳುಗಳು ಬರತೊಡಗಿದರು, ಹೆಸರು ಹೇಳುತ್ತ.