ಮೊಳೆ ಬೇಡ

ಬಳೇಪೇಟೆಯ ಈ ಸಂದಿಯಲ್ಲಿ
ದೇವರಿಗೂ ಸತ್ತವರಿಗೂ ಒಂದೇ ರೇಟು:
ಅಡಿಗೆ ಇಷ್ಟು, ಗಾಜಿಗೆ ಇಷ್ಟು,
ಹಿಂದಿನ ರಟ್ಟು, ಕೊಕ್ಕೆ ನಮ್ಮ ಕಡೆಯಿಂದ ಫ್ರೀ.

ಮಹಾಲಯ ಅಮಾವಾಸ್ಯೆ ಬಂತೆಂದರೆ
ಕೂತು ಉಣ್ಣಲು ಪುರುಸೊತ್ತಿಲ್ಲ.
ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಅಜ್ಜ,
ಮದುವೆ ಗುಂಪಿನಿಂದ ಬಿಡಿಸಿ ತಂದ ಚಿಕ್ಕಮ್ಮ.
ಅವಳ ಹೆಗಲ ಮೇಲೆ ಇನ್ನಾರದೋ ಕೈ
ಹಾಗೇ ಉಳಿದಿರುತ್ತದೆ.
'ಅಕ್ಕಾ, ಆ ಕೈ ತೆಗೀರಿ' ಅನ್ನುತ್ತಾರೆ.
ತೆಗೆಯುತ್ತೇನೆ.
ಕೆಲವೊಮ್ಮೆ ಮರೆತವಳಂತೆ ಬಿಟ್ಟುಬಿಡುತ್ತೇನೆ.

ಹಬ್ಬ ಕಳೆದು ತಿಂಗಳಾಗಿತ್ತು, ಲುಪೆ ಬಂದಳು.
ಮೆಕ್ಸಿಕೋದವಳು, ಬೆನ್ಸನ್ ಟೌನಿನಲ್ಲಿ ಸ್ಪ್ಯಾನಿಷ್ ಪಾಠ,
ಕನ್ನಡವೆಲ್ಲ ಆಟೋದವರು ಕಲಿಸಿದ್ದು:
ಎಡಕ್ಕೆ, ಸ್ವಲ್ಪ ಮುಂದೆ, ಚಿಲ್ಲರೆ ಇಲ್ಲ.
ಕಟ್ಟು ಕೂಡಿಸಿ ಕೊಕ್ಕೆ ಹೊಡೆಯಲು ಸುತ್ತಿಗೆ ಎತ್ತಿದೆ.
ಕೈ ಹಿಡಿದಳು.
'ಮೊಳೆ ಬೇಡ. ಇದು ಅಪ್ಪ. ಮೇಜು.'
ನನ್ನ ಮೇಜನ್ನೇ ತಟ್ಟಿ ತೋರಿಸಿ,
'ಇಲ್ಲೇ ನಿಲ್ಸಿ.'

ಹಿಂದೊಂದು ಕಾಲು ಅಂಟಿಸಿ ನಾನೇ ಒಯ್ದುಕೊಟ್ಟೆ.
ಗೊಂಬೆ ಕೂರಿಸುವವರ ಹಾಗೆ ಮೂರು ಮೆಟ್ಟಿಲು ಕಟ್ಟಿದ್ದಳು.
ಮಾರ್ಕೆಟ್ಟಿನ ಚೆಂಡುಹೂ ನಾಲ್ಕು ಕೆಜಿ,
ಎಸಳು ಬಿಡಿಸಿ ಲಿಫ್ಟಿನಿಂದ ಮೆಟ್ಟಿಲವರೆಗೂ ದಾರಿ.
'ಈ ಹೂ ನಮ್ಮೂರಿಂದ' ಅಂದಳು.
'ಹೊಸೂರಿಂದ' ಅಂದೆ.
ಇಬ್ಬರೂ ಸೋಲಲಿಲ್ಲ.

ಒಂದು ಲೋಟ ನೀರು, ಬಟ್ಟಲಲ್ಲಿ ಉಪ್ಪು,
ಸಕ್ಕರೆಯ ಬುರುಡೆ, ಹಣೆಯ ಮೇಲೆ ಅಪ್ಪನ ಹೆಸರು.
ಅಯ್ಯಂಗಾರ್ ಬೇಕರಿಯವನಿಗೆ ಚಿತ್ರ ತೋರಿಸಿ
ಮೂಳೆ ಮೂಳೆಯಾಗಿ ಮಾಡಿಸಿದ ಬನ್ನು.
ಅವನು ನೆತ್ತಿಗೊಂದು ಚೆರ್ರಿ ಇಟ್ಟುಬಿಟ್ಟಿದ್ದ.
ಒಂದು ಸಿಗರೇಟು. ಒಂದು ಗುಟುಕಿನ ಬಾಟಲಿ.
ಕೆಳಮೆಟ್ಟಿಲಲ್ಲಿ ಯಾವುದೋ ನಾಯಿಯ ಫೋಟೋ,
ಅದಕ್ಕೂ ಎರಡು ಗ್ಲೂಕೋಸ್ ಬಿಸ್ಕತ್ತು.

'ಇದು ಎಡೆ' ಅಂದೆ. 'ನಾವೂ ಇಡ್ತೀವಿ.'
ಬಾಳೆಲೆ, ಚಾಪ್ಸು, ವಡೆ, ಕಜ್ಜಾಯ,
ಹೊಸ ಪಂಚೆ, ಬೀಡಿ ಕಟ್ಟು,
ಬದುಕಿದ್ದಾಗ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು
ಬೀದಿಗೆ ಕೇಳುವಂತೆ ಜಗಳವಾಡಿದ ಕ್ವಾರ್ಟರು,
ಈಗ ನಾನೇ ಮುಚ್ಚಳ ತಿರುಚಿ ಇಡುತ್ತೇನೆ.
ಆಮೇಲೆ ಬಾಗಿಲು ಮುಚ್ಚಿಕೊಂಡು
ಹೊರಗೆ ಕಾಯುತ್ತೇವೆ,
ಹಿರಿಯರು ಉಣ್ಣುವಾಗ ನೋಡಬಾರದು.
ತೆರೆದರೆ ಎಲ್ಲ ಹಾಗೇ ಇರುತ್ತದೆ,
ಸಾಂಬ್ರಾಣಿ ಮಾತ್ರ ಕರಗಿರುತ್ತದೆ.

ಅರ್ಧ ಕೈಸನ್ನೆ, ಅರ್ಧ ಆಟೋ ಕನ್ನಡ.
ಅಷ್ಟೂ ಕೇಳಿ ಲುಪೆ ಕೇಳಿದ್ದು ಒಂದೇ:
'ಹೊರಗೆ ಯಾಕೆ?'

ಸಂಜೆ ಅಂಗಡಿಗೆ ಬಂದು ನೋಡಿದೆ.
ಗಲ್ಲಾದ ಮೇಲೆ ನಮ್ಮ ಯಜಮಾನರು, ಪಿಳ್ಳಪ್ಪ,
ಒಂಬತ್ತು ವರ್ಷದಿಂದ ಮೊಳೆಗೆ.
ಗಂಧದ ಚಕ್ಕೆಯ ಹಾರ, ಕೆಂಪು ಬಲ್ಬು.
ಸ್ಟೂಲು ಹತ್ತಿ ಇಳಿಸಿದೆ.
ಬೆನ್ನ ಹಿಂದೆ ಸಂಸಾರ ಹೂಡಿದ್ದ ಹಲ್ಲಿ
ತೀರಿನ ಕಡೆ ಓಡಿತು.
ಗೋಡೆಯಲ್ಲಿ ಫೋಟೋ ಅಗಲದ ಹಸಿರು,
ಅವರೇ ಬಳಿದದ್ದು,
ನಡುವೆ ಬ್ರಶ್ಶಿನದೊಂದು ಕೂದಲು ಅಂಟಿಕೊಂಡು
ಇನ್ನೂ ನಿನ್ನೆಯದರ ಹಾಗೆ.

ಗಾಜು ಕೊಯ್ಯುವ ಮೇಜಿನ ಮೇಲೆ
ಅಳತೆಪಟ್ಟಿಯ ಪಕ್ಕ ನಿಲ್ಲಿಸಿದೆ. ಜಾರಿದರು.
ಗೋಂದಿನ ಡಬ್ಬಿ ಒತ್ತು ಕೊಟ್ಟೆ.
ಕಾಫಿ ಹುಡುಗ ಇಣುಕಿದ. 'ಬೈಟು' ಅಂದೆ.
'ಒಬ್ರೇ ಇದ್ದೀರಲ್ಲಕ್ಕಾ?'
'ಒಂದಕ್ಕೆ ಸಕ್ಕರೆ ಜಾಸ್ತಿ.'
ಕೊನೆಯ ನಾಲ್ಕು ವರ್ಷ ಚಪ್ಪೆ ಕಾಫಿ ಕುಡಿಸಿದವಳು ನಾನೇ.
ಇನ್ನೇನು ಏರುತ್ತದೆ ಅವರಿಗೆ ಶುಗರು?

ಎದುರು ಬದುರು ಕೂತೆವು.
ನನ್ನ ಲೋಟ ಬರಿದಾಯಿತು, ಅವರದು ಕೆನೆಗಟ್ಟಿತು.
ಶಟರ್ ಎಳೆಯಲು ಎದ್ದಾಗ
ಹಲ್ಲಿ ಆ ಹಸಿರು ಚೌಕದ ನಡುಮಧ್ಯೆ ನಿಂತು
ಲೊಚಗುಟ್ಟಿತು.

ಯಾವ ಮಾತು ನಿಜವೆಂದಿತೋ.
ಆಗ ನಾವಿಬ್ಬರೂ
ಏನೂ ಆಡಿರಲಿಲ್ಲ.